ಊರ ಕೆರೆಯ ಮೀನು: ಕೆಡದಂತೆ ಮಾರುವುದು, ರುಚಿಗೆಡದಂತೆ ಉಣ್ಣುವುದು

ತಾಲ್ಲೂಕು ಕೇಂದ್ರದ ಮೀನಂಗಡಿಯಲ್ಲಿ ಐಸಿನ ಮೇಲೆ ಸಾಲಾಗಿ ಮಲಗಿರುವ ರೋಹು, ಕಾಟ್ಲಾ ಎಷ್ಟೋ ಕಡೆ ಆಂಧ್ರದ ಹೊಂಡಗಳಿಂದ ಲಾರಿಯಲ್ಲಿ ಬಂದವು. ನೀರು ಬಿಟ್ಟು ಎರಡು ಮೂರು ದಿನವಾದರೂ ಆಗಿರುತ್ತದೆ. ಊರ ಕೆರೆಯ ಮೀನು ಹಾಗಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಲೆಗೆ ಬಿದ್ದದ್ದು ಏಳಕ್ಕೆಲ್ಲ ತಕ್ಕಡಿ ಏರಬಲ್ಲದು, ಮಧ್ಯಾಹ್ನಕ್ಕೆ ಮುದ್ದೆಯ ಜೊತೆ ಸಾರಾಗಬಲ್ಲದು. ಕೆರೆ ಮೀನು ಮಾರುವವರಿಗೆ ಇರುವ ದೊಡ್ಡ ಬಂಡವಾಳ ಆ ನಾಲ್ಕಾರು ಗಂಟೆಗಳೇ. ಆದರೆ ಅದೇ ಮೀನನ್ನು ಬರಿಯ ಬುಟ್ಟಿಗೆ ಹಾಕಿ, ಮೇಲೊಂದು ಒದ್ದೆ ಗೋಣಿತಾಟು ಮುಚ್ಚಿ, ಸಂತೆಯ ಬಿಸಿಲಿನಲ್ಲಿ ಹನ್ನೊಂದರವರೆಗೆ ಇಟ್ಟರೆ, ಐಸಿನಲ್ಲಿ ಬಂದ ಮೂರು ದಿನದ ಲಾರಿ ಮೀನೇ ಅದಕ್ಕಿಂತ ಮೇಲು. ಹತ್ತಿರದ ಮೀನು ಎಂದ ಮಾತ್ರಕ್ಕೆ ಒಳ್ಳೆಯ ಮೀನಾಗುವುದಿಲ್ಲ. ಆ ಗಂಟೆಗಳನ್ನು ಉಳಿಸಿಕೊಳ್ಳುವ ಬಗೆಯೇ ಈ ಬರಹದ ಮುಖ್ಯ ವಿಷಯ.

ಯಾವ ನೀರು, ಯಾರ ಕೆರೆ

ಕೆರೆ ಊರಿನದ್ದಾದರೂ ಮೀನಿನ ಹಕ್ಕು ಗುತ್ತಿಗೆ ಹಿಡಿದವರದು. ಸಣ್ಣ ಕೆರೆಗಳ ಗುತ್ತಿಗೆ ಗ್ರಾಮ ಪಂಚಾಯಿತಿಯಿಂದ, ದೊಡ್ಡವುಗಳದ್ದು ಮೀನುಗಾರಿಕೆ ಇಲಾಖೆಯಿಂದ ಆಗುತ್ತದೆ. ಬಲೆ ಇಳಿಸುವ ಮುನ್ನ ಆ ಕೆರೆ ಯಾರಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಗುತ್ತಿಗೆದಾರರಿಂದ ಸಗಟಾಗಿ ಕೊಂಡು ಮಾರುವವರು ಪ್ರತಿ ದಿನದ ತೂಕ, ದರವನ್ನು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಬೇಕು. ದಡದಲ್ಲಿ ಬಾಯಿಮಾತಿನಲ್ಲಿ ನಡೆದ ವ್ಯಾಪಾರವೇ ವಾರದ ಕೊನೆಗೆ ಜಗಳವಾಗುವುದು.

ಯಾವ ನೀರಿನ ಮೀನನ್ನು ಮಾರಬಾರದು ಎಂಬುದರಲ್ಲಿ ರಾಜಿ ಬೇಡ. ಪಟ್ಟಣದ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಮೀನು ಎಷ್ಟೇ ದಪ್ಪವಾಗಿದ್ದರೂ ಬಿಡಿ. ಅದರ ಮಾಂಸದಲ್ಲಿ ಸೇರಿರುವ ಭಾರಲೋಹ ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಸತ್ತು ತೇಲಿದ ಮೀನನ್ನು ಆರಿಸಿ ತರುವುದೂ ಬೇಡ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದು ಪಾಚಿ ದಟ್ಟವಾದಾಗ, ಅಥವಾ ಮೊದಲ ಮಳೆ ಕೊಚ್ಚೆಯನ್ನೆಲ್ಲ ಕೆರೆಗೆ ತಂದಾಗ, ರಾತ್ರಿ ನೀರಿನಲ್ಲಿ ಆಮ್ಲಜನಕ ಕುಸಿದು ಬೆಳಗಾಗುವಷ್ಟರಲ್ಲಿ ಮೀನು ರಾಶಿರಾಶಿ ತೇಲುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹಾಗೆಯೇ ಸತ್ತು ತೇಲಿದ್ದವು. ಅಂಥ ಮೀನು ಎಷ್ಟು ಹೊತ್ತಿಗೆ ಸತ್ತಿತು, ಬರಿಯ ಉಸಿರುಗಟ್ಟಿ ಸತ್ತಿತೋ ವಿಷದಿಂದ ಸತ್ತಿತೋ ಎಂದು ನೋಡಿ ಹೇಳಲು ಆಗುವುದಿಲ್ಲ.

ತೋಟೆ ಸಿಡಿಸಿ, ಬ್ಲೀಚಿಂಗ್ ಪುಡಿ ಅಥವಾ ಕೀಟನಾಶಕ ಸುರಿದು, ಕರೆಂಟು ಹಾಯಿಸಿ ಹಿಡಿದ ಮೀನನ್ನೂ ಕೊಳ್ಳಬೇಡಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ. ತೋಟೆಯ ಮೀನನ್ನು ಕೊಯ್ದಾಗ ಗುರುತು ಸಿಗುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲ ಒಡೆದಿರುತ್ತದೆ, ಬೆನ್ನುಮೂಳೆಯ ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಮಾಂಸ ಬೇಗ ಮೆತ್ತಗಾಗುತ್ತದೆ. ವಿಷದ ಮೀನಿಗೆ ಅಂಥ ಗುರುತು ಸಹ ಇರುವುದಿಲ್ಲ. ಹಾಗಾಗಿ ಹಿಡಿದವರು ಯಾರು, ಹೇಗೆ ಹಿಡಿದರು ಎಂದು ಕೇಳಿ ತಿಳಿಯುವುದೊಂದೇ ದಾರಿ.

ಮುಂಗಾರಿನ ಮೊದಲ ಮಳೆಗೆ ಹೊಳೆ, ಹಳ್ಳ, ಗದ್ದೆಗೆ ಏರಿ ಬರುವ ಹತ್ತುಮೀನಿನ ಬಗ್ಗೆ ಒಂದು ಮಾತು. ಮಲೆನಾಡಿನಲ್ಲಿ ಅದಕ್ಕಾಗಿ ಕಾದು ಕೂತು ಕೂಳಿ (ಬಿದಿರಿನ ಮೀನುಬುಟ್ಟಿ) ಒಡ್ಡುವವರಿದ್ದಾರೆ. ಆ ಮೀನು ಏರುವುದು ಮೊಟ್ಟೆ ಇಡಲು. ತತ್ತಿ ತುಂಬಿದ ಒಂದು ಕೆ.ಜಿ. ಗೆಂಡೆಯ (ಕಾರ್ಪ್) ಹೊಟ್ಟೆಯಲ್ಲಿ ಲಕ್ಷಕ್ಕೂ ಮೀರಿ ಮೊಟ್ಟೆ ಇರುತ್ತದೆ. ಹಳ್ಳದ ಅಗಲಕ್ಕೂ ಕಟ್ಟೆ ಕಟ್ಟಿ ಏರುವ ಎಲ್ಲವನ್ನೂ ಹಿಡಿದರೆ ಮುಂದಿನ ವರ್ಷ ಪಕ್ಕೆಯಂಥ ಸಣ್ಣ ಮೀನೂ ಸಿಗುವುದಿಲ್ಲ. ದೇವಸ್ಥಾನದ ಮಡುಗಳಲ್ಲಿ, ಶೃಂಗೇರಿ, ಶಿಶಿಲದಂಥ ಕಡೆ, ಮೀನಿಗೆ ಬಲೆ ಹಾಕುವುದಿಲ್ಲ ಎಂಬ ಕಟ್ಟಳೆಯಿಂದ ಹೊಳೆಗಳಿಗೆ ಎಷ್ಟು ಉಪಕಾರವಾಗಿದೆ ಎಂಬುದನ್ನು ಮೀನು ಹಿಡಿಯುವವರೇ ಚೆನ್ನಾಗಿ ಬಲ್ಲರು.

ಬಲೆಯಿಂದ ಬುಟ್ಟಿಗೆ

ಮೀನು ಹಿಡಿಯುವ ಹಿಂದಿನ ದಿನ ಮೇವು ಹಾಕುವುದನ್ನು ನಿಲ್ಲಿಸಿ. ಹೊಟ್ಟೆ ತುಂಬಿದ ಮೀನು ಸತ್ತ ಮೇಲೆ ಕರುಳಿನ ರಸ ತನ್ನ ಹೊಟ್ಟೆಯನ್ನೇ ಕರಗಿಸತೊಡಗುತ್ತದೆ. ಮೊದಲು ಮೆತ್ತಗಾಗುವುದು, ಮೊದಲು ನಾರುವುದು ಹೊಟ್ಟೆಯೇ.

ಸಂಜೆ ಬಿಟ್ಟ ಬಲೆಯನ್ನು ಬೆಳಗಾಗುವವರೆಗೆ ಹಾಗೇ ಬಿಡುವ ರೂಢಿ ಇದೆ. ಬಲೆಯ ಕಣ್ಣಿಗೆ ಸಿಕ್ಕ ಮೀನು ರಾತ್ರಿ ಹತ್ತಕ್ಕೇ ಸತ್ತಿದ್ದರೆ, ಬೆಳಿಗ್ಗೆ ಆರಕ್ಕೆ ಎತ್ತುವ ಹೊತ್ತಿಗೆ ಅದು ಬೆಚ್ಚಗಿನ ನೀರಿನಲ್ಲಿ ಎಂಟು ಗಂಟೆ ನೆನೆದ ಹೆಣ. ಕಿವಿರು ಬಿಳಚಿರುತ್ತದೆ, ಕೈಗೆ ಎತ್ತಿದರೆ ಜೋತುಬೀಳುತ್ತದೆ. ಬೇಸಿಗೆಯಲ್ಲಿ ಮಧ್ಯರಾತ್ರಿಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಬಲೆ ನೋಡಿ ಬಿಡಿಸಬೇಕು. ಆಗದಿದ್ದರೆ ನಸುಕಿನಲ್ಲಿ ಎಳೆಬಲೆ ಅಥವಾ ಬೀಸುಬಲೆ ಹಾಕುವುದೇ ಲೇಸು. ಸಿಕ್ಕ ಮೀನು ಜೀವಂತ ಇರುತ್ತದೆ, ಸಣ್ಣದನ್ನು ಮತ್ತೆ ನೀರಿಗೆ ಬಿಡಬಹುದು.

ಜೀವಂತ ಮೀನನ್ನು ದಡದ ಒಣ ಮಣ್ಣಿನ ಮೇಲೆ ಒದ್ದಾಡಿಸಿ ಸಾಯಲು ಬಿಡಬೇಡಿ. ಒದ್ದಾಡಿದಷ್ಟೂ ಮಾಂಸದಲ್ಲಿನ ಸತ್ವ ಉರಿದು ಆಮ್ಲ ಸೇರುತ್ತದೆ. ಮೀನು ಬೇಗ ಸೆಟೆಯುತ್ತದೆ, ಬೇಗ ಸಡಿಲವಾಗುತ್ತದೆ. ತಲೆಯ ಮೇಲೆ, ಕಣ್ಣುಗಳಿಂದ ಸ್ವಲ್ಪ ಹಿಂದೆ, ಮರದ ಕೊಡತಿಯಿಂದ ಒಂದೇ ಗಟ್ಟಿ ಏಟು ಹಾಕಿ, ಕೂಡಲೇ ಐಸ್ ಬೆರೆಸಿದ ನೀರಿಗೆ ಹಾಕಿ. ಎರಡು ಪಾಲು ಐಸಿಗೆ ಒಂದು ಪಾಲು ನೀರು. ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಮೀನು ತಣ್ಣಗಾಗುತ್ತದೆ. ಕೆರೆದಂಡೆಗೆ ಐಸ್ ಒಯ್ಯುವುದು ದುಂದು ಎಂದುಕೊಳ್ಳುವವರು ಬಹಳ. ಮೊದಲ ಒಂದು ಗಂಟೆಯ ಐಸು ಸಂತೆಯ ನಾಲ್ಕು ಗಂಟೆಯ ಐಸಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಐಸಿನ ಲೆಕ್ಕ

30 ಡಿಗ್ರಿ ಇರುವ 20 ಕೆ.ಜಿ. ಮೀನನ್ನು ಸೊನ್ನೆಯ ಹತ್ತಿರ ತರಲು ಸುಮಾರು 6ರಿಂದ 7 ಕೆ.ಜಿ. ಐಸು ಕರಗಿಯೇ ಹೋಗುತ್ತದೆ. ಮೀನನ್ನು ತಣ್ಣಗೆ ಉಳಿಸುವ ಐಸು ಅದರ ಮೇಲಿನದು. 20 ಕೆ.ಜಿ. ಮೀನಿಗೆ 5 ಕೆ.ಜಿ. ಐಸು ಚೂರು ಮೇಲೆ ಉದುರಿಸಿ, ಎಂಟು ಗಂಟೆಗೆಲ್ಲ ಕರಗಿಹೋಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ಒಳ್ಳೆಯ ಮುಚ್ಚಳವಿರುವ ಥರ್ಮಾಕೋಲ್ ಬಾಕ್ಸಿನಲ್ಲಿ ಅರ್ಧ ದಿನಕ್ಕೆ ಎರಡು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸು ಸಾಕು. ತೆರೆದ ಪ್ಲಾಸ್ಟಿಕ್ ಕ್ರೇಟಿನಲ್ಲಾದರೆ, ಅಥವಾ ಸಂಜೆಯವರೆಗೆ ಮಾರುವುದಾದರೆ, ಮೀನಿನಷ್ಟೇ ತೂಕದ ಐಸು ಬೇಕು.

ಅಚ್ಚು ಐಸನ್ನು ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ. ಚೂರು ಅಡಿಕೆಗಿಂತ ದೊಡ್ಡದಿರಬಾರದು. ದೊಡ್ಡ ಗಡ್ಡೆ ಮೀನಿನ ಮೈಗೆ ಒತ್ತಿ ಗಾಯ ಮಾಡುತ್ತದೆ, ನಡುವೆ ಗಾಳಿ ಉಳಿದು ತಂಪು ತಾಗುವುದೂ ಇಲ್ಲ. ಬಾಕ್ಸಿನ ತಳದಲ್ಲಿ ನಾಲ್ಕು ಬೆರಳು ದಪ್ಪ ಐಸು, ಅದರ ಮೇಲೆ ಒಂದು ವರಸೆ ಮೀನು, ಮತ್ತೆ ಎರಡು ಬೆರಳು ಐಸು, ಮತ್ತೆ ಮೀನು. ಎಲ್ಲಕ್ಕೂ ಮೇಲೆ ಐಸಿನ ಹೊದಿಕೆ. ಹೊಟ್ಟೆ ಸೀಳಿ ಶುಚಿ ಮಾಡಿದ ಮೀನಾದರೆ ಹೊಟ್ಟೆ ಕೆಳಗೆ ಬರುವಂತೆ ಇಡಿ, ಇಲ್ಲವಾದರೆ ಕರಗಿದ ನೀರು ಹೊಟ್ಟೆಯಲ್ಲೇ ನಿಂತು ಕೊಳೆಯುತ್ತದೆ. ಬಾಕ್ಸಿನ ಮೂಲೆಯಲ್ಲಿ ಒಂದು ಬೆರಳಿನಷ್ಟು ತೂತು ಮಾಡಿ ನೀರು ಹರಿದು ಹೋಗಲು ಬಿಡಿ. ಐಸು ಕುಡಿಯುವ ನೀರಿನದ್ದೇ ಆಗಿರಲಿ. ಕೊಳಕು ನೀರಿನ ಐಸು ಮೀನನ್ನು ತಣ್ಣಗಿಡುತ್ತಲೇ ರೋಗಾಣುವನ್ನೂ ಹಚ್ಚುತ್ತದೆ.

ಐಸಿನ ಬದಲು, ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಹಚ್ಚುವುದು ಶುದ್ಧ ಅನ್ಯಾಯ. ಅದು ಆಹಾರಕ್ಕೆ ಹಾಕಬಾರದ ವಿಷ, ಕಾನೂನೂ ಬಿಡುವುದಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಲಿನ್ ಮತ್ತು ಅಮೋನಿಯಾ ಪತ್ತೆಗೆ ಸರಳ ಕಾಗದದ ಪಟ್ಟಿಯ ಕಿಟ್ ಮಾಡಿದೆ. ಗುಂಪಾಗಿ ಮಾರುವ ಸಂಘಗಳು ಒಂದು ತಂದಿಟ್ಟುಕೊಂಡರೆ ಗಿರಾಕಿಯ ಎದುರೇ ತೋರಿಸಬಹುದು.

ಜೀವಂತ ಮಾರುವುದಾದರೆ

ಕೊರವ, ಮುರುಗೋಡು, ಚೇಳು ಮೀನು ಗಾಳಿಯನ್ನೂ ಉಸಿರಾಡುವ ಜಾತಿಯವು. ಬೆಲೆಯೂ ಹೆಚ್ಚು, ಜೀವಂತ ಇದ್ದರೆ ಇನ್ನೂ ಹೆಚ್ಚು. ಇವನ್ನು ಇಡುವಾಗ ಆಗುವ ತಪ್ಪು ಒಂದೇ: ಮೀನಲ್ಲವೇ ಎಂದು ಡ್ರಮ್ಮನ್ನು ಅಂಚಿನವರೆಗೆ ತುಂಬಿ ಮುಚ್ಚಳ ಬಿಗಿಯುವುದು. ಕೊರವ ಮೇಲೆ ಬಂದು ಗಾಳಿ ಎಳೆದುಕೊಳ್ಳದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಡ್ರಮ್ಮಿನ ಮೂರನೆಯ ಒಂದು ಭಾಗ ಮಾತ್ರ ನೀರು ಇರಲಿ, ಮೇಲೆ ಬಲೆಯ ತುಂಡು ಕಟ್ಟಿ, ಇಲ್ಲದಿದ್ದರೆ ಜಿಗಿದು ಹೋಗುತ್ತದೆ. ಚೇಳು ಮೀನಿನ ಎದೆರೆಕ್ಕೆಯ ಮುಳ್ಳು ಚುಚ್ಚಿದರೆ ಕೈ ಮೊಣಕೈವರೆಗೆ ಉರಿಯುತ್ತದೆ. ಬರಿಗೈ ಹಾಕದೆ ಜಾಲರಿಯಿಂದ ಎತ್ತಿ. ಚುಚ್ಚಿದ್ದೇ ಆದರೆ ತಾಳುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಬಾವು ಏರಿದರೆ ಆಸ್ಪತ್ರೆಗೆ ಹೋಗಿ.

ರೋಹು, ಕಾಟ್ಲಾಗಳಿಗೆ ಈ ಅನುಕೂಲವಿಲ್ಲ. ನೂರು ಲೀಟರು ನೀರಿಗೆ ಹತ್ತು ಕೆ.ಜಿ.ಗಿಂತ ಹೆಚ್ಚು ಹಾಕದೆ, ಬ್ಯಾಟರಿಯ ಗಾಳಿ ಪಂಪು ಇಟ್ಟು, ಅದೇ ಕೆರೆಯ ನೀರಿನಲ್ಲೇ ಸಾಗಿಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಕಿವಿರನ್ನು ಸುಡುತ್ತದೆ.

ಕ್ಯಾಟ್‌ಫಿಶ್ ಹೆಸರಿನಲ್ಲಿ ಬರುವ ಆಫ್ರಿಕಾದ ದೊಡ್ಡ ಮೀನನ್ನು ಮುರುಗೋಡು ಎಂದು ಮಾರುವುದು ನಡೆಯುತ್ತದೆ. ಅದರ ಸಾಕಣೆಯನ್ನು ಸರ್ಕಾರ ನಿಷೇಧಿಸಿದೆ. ಕೆರೆಗೆ ತಪ್ಪಿಸಿಕೊಂಡರೆ ಊರಿನ ಮೀನನ್ನೆಲ್ಲ ನುಂಗುತ್ತದೆ. ಗುತ್ತಿಗೆ ಕೆರೆಯಲ್ಲಿ ಕಂಡರೆ ಹಿಡಿದು ತೆಗೆಯಿರಿ, ಮತ್ತೆ ನೀರಿಗೆ ಬಿಡಬೇಡಿ.

ದರ ಕಟ್ಟುವ ಲೆಕ್ಕ

ಸಣ್ಣ ವ್ಯಾಪಾರಿಗಳು ಸೋಲುವುದು ಇಲ್ಲಿಯೇ. ಕೊಂಡ ದರದ ಮೇಲೆ ಇಪ್ಪತ್ತು ರೂಪಾಯಿ ಇಟ್ಟರೆ ಲಾಭ ಎಂದುಕೊಳ್ಳುತ್ತಾರೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ದಡದಲ್ಲಿ ಕೆ.ಜಿ.ಗೆ 130 ರೂಪಾಯಿಯಂತೆ 30 ಕೆ.ಜಿ. ಕೊಂಡರೆ 3,900. ಐಸಿಗೆ 180, ಬೈಕಿನ ಪೆಟ್ರೋಲಿಗೆ 150, ಕವರು ಮತ್ತು ಸಂತೆ ಸುಂಕ ಸೇರಿ 80. ಒಟ್ಟು 4,310 ರೂಪಾಯಿ. ದಡದಲ್ಲಿ ನೀರು ಸೋರುವ ಬುಟ್ಟಿಯಲ್ಲಿ ತೂಗಿದ 30 ಕೆ.ಜಿ. ಸಂತೆಯಲ್ಲಿ 29 ಆಗುತ್ತದೆ. ಕೊನೆಯ 2 ಕೆ.ಜಿ. ಅರ್ಧ ದರಕ್ಕೆ ಹೋಗುತ್ತದೆ. ಎಂದರೆ ಪೂರ್ತಿ ದರ ಸಿಗುವುದು 28 ಕೆ.ಜಿ.ಗೆ ಸಮ. 150ಕ್ಕೆ ಮಾರಿದರೆ ಕೈಗೆ ಬರುವುದು 4,200. ದಿನವಿಡೀ ದುಡಿದು 110 ರೂಪಾಯಿ ಕೈಯಿಂದ ಹೋಯಿತು. ಅಸಲು ಹುಟ್ಟಲು 154 ಬೇಕು. ನಿಮ್ಮ ದಿನಗೂಲಿ 600 ಎಂದು ಸೇರಿಸಿದರೆ 176 ಆಗುತ್ತದೆ. 180ಕ್ಕಿಂತ ಕಡಿಮೆಗೆ ಇಳಿಯುವಂತಿಲ್ಲ. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ದಡದಲ್ಲಿ ಬುಟ್ಟಿಯನ್ನು ಐದು ನಿಮಿಷ ಓರೆಯಾಗಿ ಇಟ್ಟು ನೀರು ಬಸಿದ ಮೇಲೆಯೇ ತೂಗಿಸುವುದರಿಂದ ಒಂದು ಕೆ.ಜಿ.ಯ ನಷ್ಟ ತಪ್ಪುತ್ತದೆ.

ಇಡಿ ಮೀನು ತೂಗಿ, ಆಮೇಲೆ ಕೊಯ್ದು ಕೊಡುವುದು ಹಳ್ಳಿಯ ರೂಢಿ. ಇದರಲ್ಲಿ ಗೊಂದಲವಿಲ್ಲ. ಆದರೆ ಶುಚಿ ಮಾಡಿದ್ದನ್ನೇ ಕೇಳುವ ಮನೆಗಳು, ಹೋಟೆಲುಗಳು ಈಗ ಹೆಚ್ಚಿವೆ. ಒಂದು ಕೆ.ಜಿ. ರೋಹುವಿನ ಹುರುಪೆ, ಕಿವಿರು, ಕರುಳು ತೆಗೆದರೆ ಸುಮಾರು 820 ಗ್ರಾಂ ಉಳಿಯುತ್ತದೆ, ತಲೆಯನ್ನೂ ತೆಗೆದರೆ 620ರ ಸುತ್ತಮುತ್ತ. ಹಾಗಾಗಿ ಇಡಿ ಮೀನು 180 ಆದರೆ ತಲೆಸಹಿತ ಶುಚಿ ಮಾಡಿದ್ದು 220, ತಲೆಯಿಲ್ಲದ್ದು 290 ಆಗಬೇಕು. ಕೊಯ್ದ ಕೂಲಿ ಬೇರೆ. ಕಾಟ್ಲಾದ ತಲೆ ದೊಡ್ಡದು, ಅದರಲ್ಲಿ ಇಳುವರಿ ಇನ್ನೂ ಕಡಿಮೆ. ಆದರೆ ಆ ತಲೆಗೇ ಬೇರೆ ಗಿರಾಕಿ ಇರುತ್ತಾರೆ, ಎಸೆಯಬೇಡಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ, ಮಾರಾಟಕ್ಕೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಂಡಿರಿ. ತಪಾಸಣೆ ಬಂದ ದಿನ ಅಂಗಡಿ ಮುಚ್ಚುವ ಪ್ರಮೇಯ ಬರುವುದಿಲ್ಲ.

ಹಿಡಿಯುವ ದಿನವನ್ನು ತಿನ್ನುವ ದಿನಕ್ಕೆ ಹೊಂದಿಸಿ. ಸೋಮವಾರ, ಶನಿವಾರ ಒಲೆ ಮೇಲೆ ಮೀನು ಏರದ ಮನೆಗಳು ಊರಲ್ಲಿ ಎಷ್ಟಿವೆ ಎಂಬುದು ನಿಮಗೇ ಗೊತ್ತು. ಶ್ರಾವಣದಲ್ಲಿ ವ್ಯಾಪಾರ ಕುಸಿಯುತ್ತದೆ. ಗಣೇಶನ ಹಬ್ಬ ಕಳೆದು ಪಿತೃಪಕ್ಷ ಬಂದಾಗ, ಯುಗಾದಿಯ ಮಾರನೆಯ ದಿನದ ಹೊಸತೊಡಕಿನಲ್ಲಿ, ಪ್ರತಿ ಭಾನುವಾರ ಬೇಡಿಕೆ ಏರುತ್ತದೆ. ಕೆರೆಯಲ್ಲಿ ಜೀವಂತ ಇರುವ ಮೀನಿಗೆ ಐಸೂ ಬೇಡ, ಬಾಡಿಗೆಯೂ ಬೇಡ. ಒಂದೇ ದಿನ ಇನ್ನೂರು ಕೆ.ಜಿ. ಎಳೆದು ದರ ಕೆಡಿಸುವುದಕ್ಕಿಂತ ವಾರಕ್ಕೆರಡು ಸಲ ಐವತ್ತೈವತ್ತು ಎಳೆಯಿರಿ. ಹಿಂದಿನ ಸಂಜೆಯೇ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವ ಮೀನು, ಯಾವ ದರ, ಎಷ್ಟು ಗಂಟೆಗೆ ಎಂದು ಹಾಕಿ ಹೆಸರು ಬರೆದುಕೊಂಡರೆ ಎಷ್ಟು ಹಿಡಿಯಬೇಕೆಂಬುದೂ ತಿಳಿಯುತ್ತದೆ.

ಕೊಳ್ಳುವವರು ನೋಡಬೇಕಾದದ್ದು

ಕಣ್ಣೊಂದನ್ನೇ ನೋಡಿ ತೀರ್ಮಾನಿಸಬೇಡಿ. ಐಸು ನೇರ ತಾಗಿದ ಮೀನಿನ ಕಣ್ಣು ಚೆನ್ನಾಗಿದ್ದರೂ ಮಂಜಾಗಿ ಕಾಣುತ್ತದೆ. ಕಿವಿರಿನ ಮುಚ್ಚಳ ಎತ್ತಿ ನೋಡಿ, ಮೂಸಿ. ಕೆಂಪಗೆ, ತೆಳುವಾದ ಲೋಳೆಯೊಂದಿಗೆ, ಕೆರೆಯ ನೀರಿನ ವಾಸನೆ ಬಂದರೆ ತಾಜಾ. ಕಂದು ಬಣ್ಣ, ಅಂಟಂಟು ಲೋಳೆ, ಹುಳಿ ವಾಸನೆ ಇದ್ದರೆ ಬೇಡ. ತಲೆ ಹಿಡಿದು ಅಡ್ಡಲಾಗಿ ಎತ್ತಿ. ನೆಟ್ಟಗೆ ನಿಂತರೆ ಸತ್ತು ಹೆಚ್ಚು ಹೊತ್ತಾಗಿಲ್ಲ. ಬಾಗಿದರೆ ಒಂದೋ ಈಗ ತಾನೇ ಸತ್ತಿದೆ, ಇಲ್ಲವೇ ಹಳತಾಗಿದೆ. ಯಾವುದೆಂದು ಹೊಟ್ಟೆ ಹೇಳುತ್ತದೆ: ಬೆರಳಿಂದ ಒತ್ತಿದ ಕುಳಿ ಮೇಲೇಳದಿದ್ದರೆ, ಮಲದ್ವಾರ ಉಬ್ಬಿ ರಸ ಒಸರುತ್ತಿದ್ದರೆ ಹಳೆಯದು. ನೊಣ ಒಂದೂ ಕೂರದ ಮೀನು, ಕಿವಿರು ಬಿಳಚಿದ್ದರೂ ಮೈ ಕಲ್ಲಿನಂತೆ ಬಿಗಿಯಾಗಿರುವ ಮೀನು ಕಂಡರೆ ಫಾರ್ಮಲಿನ್ ಹಚ್ಚಿರಬಹುದೆಂದು ಅನುಮಾನಪಡಿ.

ಕೊಯ್ಯುವಾಗ ಪಿತ್ತದ ಚೀಲ

ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಕೆರೆಯಿರಿ. ಮೀನನ್ನು ನೀರಿನಲ್ಲಿ ಮುಳುಗಿಸಿ ಕೆರೆದರೆ ಹುರುಪೆ ಹಾರುವುದಿಲ್ಲ. ರೆಕ್ಕೆಗಳನ್ನು ಕತ್ತರಿಸಿ, ಕಿವಿರನ್ನು ಪೂರ್ತಿ ಕಿತ್ತು ತೆಗೆಯಿರಿ, ಸಾರು ನಾರುವುದಕ್ಕೆ ಅರ್ಧ ಕಾರಣ ಅದೇ. ಇನ್ನು ಹೊಟ್ಟೆ. ಮಲದ್ವಾರದಿಂದ ಎದೆಯ ಕಡೆಗೆ ಕತ್ತಿಯ ತುದಿಯಷ್ಟೇ ಒಳಗಿಟ್ಟು ಮೇಲ್ಮೇಲೆ ಸೀಳಿ. ಆಳಕ್ಕೆ ಹೋದರೆ ಮುಂಭಾಗದಲ್ಲಿ, ಪಿತ್ತಜನಕಾಂಗಕ್ಕೆ ಅಂಟಿಕೊಂಡಿರುವ ಕಡುಹಸಿರು ಚೀಲ ಒಡೆಯುತ್ತದೆ. ರೋಹು, ಕಾಟ್ಲಾ ಸೇರಿದಂತೆ ಗೆಂಡೆ ಜಾತಿಯ ಎಲ್ಲ ಮೀನಿನಲ್ಲೂ ಇದು ದ್ರಾಕ್ಷಿಯಷ್ಟೋ ನೆಲ್ಲಿಕಾಯಿಯಷ್ಟೋ ಇರುತ್ತದೆ. ಕರುಳನ್ನು ಹಿಂದಿನಿಂದ ಬಿಡಿಸಿಕೊಂಡು ಬಂದು, ಕೊನೆಯಲ್ಲಿ ಈ ಚೀಲವನ್ನು ಬೆರಳಿಂದ ಮೆಲ್ಲಗೆ ಬೇರ್ಪಡಿಸಿ. ಒಡೆದರೆ ಹಸಿರು ತಾಗಿದ ಜಾಗವನ್ನು ಕೂಡಲೇ ಉಪ್ಪು ಹಾಕಿ ಉಜ್ಜಿ ತೊಳೆಯಿರಿ, ಕಲೆ ಹೋಗದಿದ್ದರೆ ಆ ಮಾಂಸವನ್ನು ಕತ್ತರಿಸಿ ಬಿಸಾಡಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಕ್ಕರೆ ಕಾಯಿಲೆಗೆ, ಕಣ್ಣಿಗೆ, ಮಂಡಿನೋವಿಗೆ ಒಳ್ಳೆಯದೆಂದು ರೋಹುವಿನ ಪಿತ್ತದ ಚೀಲವನ್ನು ಹಸಿಯಾಗಿ ನುಂಗುವವರಿದ್ದಾರೆ. ಇದು ಮದ್ದಲ್ಲ. ರೋಹು, ಕಾಟ್ಲಾ, ಹುಲ್ಲುಗೆಂಡೆಗಳ ಪಿತ್ತದಲ್ಲಿ ಮೂತ್ರಪಿಂಡವನ್ನು ಕೆಡಿಸುವ ವಿಷವಿದೆ. ನುಂಗಿದ ಕೆಲವು ಗಂಟೆಯಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತದೆ, ಎರಡು ಮೂರು ದಿನದಲ್ಲಿ ಮೂತ್ರ ನಿಲ್ಲುತ್ತದೆ. ಡಯಾಲಿಸಿಸ್‌ವರೆಗೆ ಹೋದ ರೋಗಿಗಳ ವಿವರ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಯಾರಾದರೂ ಚೀಲ ಕೇಳಿದರೆ ಕೊಡಬೇಡಿ, ಕಾರಣ ಹೇಳಿ. ನುಂಗಿದವರಿದ್ದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ದು ಮೀನಿನ ಪಿತ್ತ ನುಂಗಿದ್ದಾರೆ ಎಂದು ಬಿಡಿಸಿ ಹೇಳಿ.

ಚೀಲ ತೆಗೆದ ಮೇಲೆ ಹೊಟ್ಟೆಯ ಒಳಗೋಡೆಗೆ ಅಂಟಿದ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಿರಿ. ಬೆನ್ನುಮೂಳೆಯ ಕೆಳಗೆ ಉದ್ದಕ್ಕೂ ಇರುವ ಕಡುಗೆಂಪು ಗೆರೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೊಳೆಯಿರಿ. ತ್ಯಾಜ್ಯವನ್ನು ಕೆರೆಗೆ ಎಸೆಯಬೇಡಿ, ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತರೆ ನಾಯಿ ಕೆದಕುವುದಿಲ್ಲ, ಮರಕ್ಕೂ ಗೊಬ್ಬರ.

ಮುಳ್ಳಿನ ಭಯಕ್ಕೆ ಕೆರೆ ಮೀನು ಬಿಟ್ಟವರು ಬಹಳ ಮಂದಿ. ರೋಹು, ಮೃಗಾಲ್‌ಗಳ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳಿವೆ, ಬಾಲದ ಕಡೆ ಹೆಚ್ಚು. ಮಕ್ಕಳಿಗೆ ಹೊಟ್ಟೆಯ ಭಾಗ ಕೊಡಿ, ಅಲ್ಲಿ ಪಕ್ಕೆಲುಬು ಮಾತ್ರ, ಎಣಿಸಿ ತೆಗೆಯಬಹುದು. ಅರ್ಧ ಕೆ.ಜಿ.ಗಿಂತ ಸಣ್ಣ ಮೀನಾದರೆ ಎರಡೂ ಪಕ್ಕಕ್ಕೆ ಭತ್ತದ ಕಾಳಿನಷ್ಟು ಅಂತರದಲ್ಲಿ ಬೆನ್ನುಮೂಳೆ ತಾಗುವವರೆಗೆ ಗೆರೆ ಹಾಕಿ ಹುರಿಯಿರಿ. ಮುಳ್ಳು ಚೂರಾಗಿ ಎಣ್ಣೆಯಲ್ಲಿ ಗರಿಯಾಗುತ್ತದೆ. ಕೊರವದಲ್ಲಿ ಈ ಸಣ್ಣ ಮುಳ್ಳೇ ಇಲ್ಲ. ಬಾಣಂತಿಯರಿಗೂ ಮಕ್ಕಳಿಗೂ ಅದನ್ನೇ ಹುಡುಕಿ ತರುವುದು ಅದಕ್ಕೇ.

ಮಣ್ಣು ವಾಸನೆ

ಕೆರೆ ಮೀನಿನ ಮೇಲಿರುವ ಹಳೆಯ ದೂರು ಇದು. ವಾಸನೆ ಕೆಸರಿನದ್ದಲ್ಲ. ನೀಲಿಹಸಿರು ಪಾಚಿಯೂ ಕೆಸರಿನ ಸೂಕ್ಷ್ಮಜೀವಿಗಳೂ ಹೊರಬಿಡುವ ಜಿಯೋಸ್ಮಿನ್ ಎಂಬ ವಸ್ತು ಕಿವಿರಿನ ಮೂಲಕ ಒಳಹೋಗಿ ಕೊಬ್ಬಿನಲ್ಲಿ ಸೇರುತ್ತದೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಘಮವೂ ಇದರದ್ದೇ. ಹಾಗಾಗಿ ಹೊರಗೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಿಡಿದವರು ಮಾಡಬಹುದಾದ ನಿಜವಾದ ಉಪಾಯವೆಂದರೆ, ಮೀನನ್ನು ಎರಡು ಮೂರು ದಿನ ಮೇವಿಲ್ಲದೆ ಶುದ್ಧವಾದ ಹರಿಯುವ ನೀರಿನ ತೊಟ್ಟಿಯಲ್ಲಿ ಜೀವಂತ ಇಡುವುದು. ಬೋರ್‌ವೆಲ್ ನೀರು ತೋಟಕ್ಕೆ ಹೋಗುವ ದಾರಿಯಲ್ಲಿ ತೊಟ್ಟಿ ಕಟ್ಟಿಕೊಂಡರೆ ನೀರೂ ದಂಡವಾಗುವುದಿಲ್ಲ. ವಾಸನೆ ಬಹಳ ಇಳಿಯುತ್ತದೆ, ಇದನ್ನು ಹೇಳಿ ಹತ್ತು ರೂಪಾಯಿ ಹೆಚ್ಚು ಕೇಳಬಹುದು.

ಅಡುಗೆಮನೆಯಲ್ಲಿ ಹುಳಿಯೇ ಮದ್ದು. ಹುಳಿಯಲ್ಲಿ ಜಿಯೋಸ್ಮಿನ್ ಒಡೆದು ವಾಸನೆಯಿಲ್ಲದ ವಸ್ತುವಾಗುತ್ತದೆ. ಕೊಡಗಿನಲ್ಲಿ ಕಾಚಂಪುಳಿ, ಮಲೆನಾಡಿನಲ್ಲಿ ವಾಟೆಹುಳಿ, ಬಯಲುಸೀಮೆಯಲ್ಲಿ ಹುಣಸೆ, ಬೇಸಿಗೆಯಲ್ಲಿ ಮಾವಿನಕಾಯಿ ಮೀನಿನ ಜೊತೆ ಸುಮ್ಮನೆ ಸೇರಿದ್ದಲ್ಲ. ಒಂದು ಕೆ.ಜಿ. ತುಂಡಿಗೆ ಒಂದು ಹಿಡಿ ಕಲ್ಲುಪ್ಪು, ಒಂದು ಚಮಚ ಅರಿಸಿನ, ನಿಂಬೆ ಗಾತ್ರದ ಹುಣಸೆಯ ರಸ ಹಾಕಿ ಉಜ್ಜಿ, ಇಪ್ಪತ್ತು ನಿಮಿಷ ಬಿಟ್ಟು ಎರಡು ನೀರಿನಲ್ಲಿ ತೊಳೆಯಿರಿ. ಒಂದು ಗಂಟೆ ಬಿಟ್ಟರೆ ಮಾಂಸ ಪುಡಿಪುಡಿಯಾಗುತ್ತದೆ. ಹೊಟ್ಟೆಯ ಹಳದಿ ಕೊಬ್ಬನ್ನು, ಪಕ್ಕದ ಕಡುಬಣ್ಣದ ಮಾಂಸದ ಪಟ್ಟಿಯನ್ನು ತೆಗೆದರೆ ಇನ್ನೂ ಒಳ್ಳೆಯದು.

ಸಾರು

ಒಂದು ಕೆ.ಜಿ. ಶುಚಿ ಮಾಡಿದ ಮೀನಿಗೆ 50 ಗ್ರಾಂ ಹುಣಸೆಹಣ್ಣನ್ನು ಅರ್ಧ ಲೀಟರು ಬಿಸಿನೀರಿನಲ್ಲಿ ನೆನೆಸಿ ಕಿವುಚಿಡಿ. ಎಂಟು ಬ್ಯಾಡಗಿ, ಐದು ಗುಂಟೂರು ಮೆಣಸಿನಕಾಯಿ, ಮೂರು ದೊಡ್ಡ ಚಮಚ ಧನಿಯ, ಒಂದು ಚಿಕ್ಕ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಕಾಲು ಚಮಚ ಮೆಂತ್ಯವನ್ನು ಬೇರೆಬೇರೆಯಾಗಿ ಹುರಿಯಿರಿ. ಮೆಂತ್ಯ ಕಾಲು ಚಮಚ ದಾಟಿದರೆ, ಕಪ್ಪಾದರೆ ಸಾರು ಕಹಿ. ಆಮೇಲೆ ಪಿತ್ತ ಒಡೆಯಿತೆಂದು ಮೀನನ್ನು ದೂರುವುದಾಗುತ್ತದೆ. ಸುಟ್ಟ ಈರುಳ್ಳಿ ಒಂದು, ಬೆಳ್ಳುಳ್ಳಿ ಹನ್ನೆರಡು ಎಸಳು, ಕಾಲು ಹೋಳು ತೆಂಗಿನಕಾಯಿ ಸೇರಿಸಿ ನುಣ್ಣಗೆ ರುಬ್ಬಿ.

ಅಗಲ ಬಾಯಿಯ ಪಾತ್ರೆ ಅಥವಾ ಮಣ್ಣಿನ ಮಡಕೆಯಲ್ಲಿ ನಾಲ್ಕು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಈರುಳ್ಳಿ, ಎರಡು ಟೊಮೆಟೊ ಬಾಡಿಸಿ ಖಾರ ಹಾಕಿ. ಹುಣಸೆ ರಸ, ಇನ್ನರ್ಧ ಲೀಟರು ನೀರು, ಉಪ್ಪು ಸೇರಿಸಿ ಹದಿನೈದು ನಿಮಿಷ ಕುದಿಸಿ. ಮೇಲೆ ಎಣ್ಣೆ ತೇಲಬೇಕು. ಈ ಕುದಿಯನ್ನು ಅವಸರ ಮಾಡಿದರೆ ಖಾರದ ಹಸಿವಾಸನೆ ಉಳಿಯುತ್ತದೆ. ಮೀನು ಹಾಕಿದ ಮೇಲೆ ಹೆಚ್ಚು ಕುದಿಸಲು ಆಗುವುದಿಲ್ಲ, ಮುರಿದು ಹೋಗುತ್ತದೆ. ಮೊದಲು ತಲೆ, ಐದು ನಿಮಿಷ ಬಿಟ್ಟು ತುಂಡುಗಳು. ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ. ಸೌಟು ಹಾಕಬೇಡಿ, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ತಿರುಗಿಸಿ. ಮೂಳೆಯ ಪಕ್ಕದ ಮಾಂಸ ಹಾಲಿನಂತೆ ಬೆಳ್ಳಗಾಗಿ ಸುಲಭವಾಗಿ ಬಿಟ್ಟರೆ ಬೆಂದಿದೆ. ಗಾಜಿನಂತೆ ಕಂಡರೆ ಬೆಂದಿಲ್ಲ. ಸಿಹಿನೀರಿನ ಮೀನನ್ನು ಅರೆಬೆಂದದ್ದು, ಕೆಂಡದಲ್ಲಿ ಹೊರಗಷ್ಟೇ ಸುಟ್ಟದ್ದು ತಿನ್ನಬಾರದು, ಅದರಲ್ಲಿ ಇರಬಹುದಾದ ಹುಳು ಸಾಯುವುದು ಪೂರ್ತಿ ಬೆಂದಾಗಲೇ.

ಇಳಿಸಿ ಎರಡು ಗಂಟೆಯಾದರೂ ಬಿಡಿ, ತುಂಡಿನೊಳಗೆ ಹುಳಿ ಖಾರ ಇಳಿಯಲಿ. ರಾತ್ರಿ ಒಂದು ಕುದಿ ಕುದಿಸಿಟ್ಟು ಬೆಳಿಗ್ಗೆ ಮತ್ತೊಮ್ಮೆ ಕಾಯಿಸಿ, ಬಿಸಿ ಮುದ್ದೆಯೊಂದಿಗೆ ಉಂಡರೆ ಅದರ ರುಚಿಯೇ ಬೇರೆ.

ಉಳಿದ ಸಣ್ಣ ಮೀನು

ಮಾರದೆ ಉಳಿದ ಪಕ್ಕೆ, ಸಣ್ಣ ಜಿಲೇಬಿ ಮೀನನ್ನು (ತಿಲಾಪಿಯಾ) ಅಂದೇ ಸಂಜೆ ಉಪ್ಪಿಗೆ ಹಾಕಿ, ಮಾರನೆಯ ದಿನಕ್ಕೆ ಬಿಡಬೇಡಿ. ಕೆಟ್ಟ ಮೀನು ಒಣಗಿಸಿದರೆ ಕೆಟ್ಟ ಒಣಮೀನೇ ಆಗುತ್ತದೆ. ಹೊಟ್ಟೆ ಹಿಂಡಿ ಕರುಳು ತೆಗೆದು ತೊಳೆದ ನಾಲ್ಕು ಕೆ.ಜಿ. ಮೀನಿಗೆ ಒಂದು ಕೆ.ಜಿ. ಉಪ್ಪು. ಪದರ ಪದರವಾಗಿ ಹಾಕಿ ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಟ್ಟ ನೀರು ಚೆಲ್ಲಿ, ಅಂಟಿದ ಉಪ್ಪನ್ನು ಒಂದು ಸಲ ತೊಳೆದು, ನೆಲದಿಂದ ಮೂರಡಿ ಎತ್ತರಕ್ಕೆ ಕಟ್ಟಿದ ಹಳೆಯ ಬಲೆಯ ಮೇಲೆ ಹರಡಿ. ಕೆಳಗಿನಿಂದಲೂ ಗಾಳಿ ಆಡುವುದರಿಂದ ರಸ್ತೆಯ ಮೇಲೆ ಹರಡಿದ್ದಕ್ಕಿಂತ ಬೇಗ ಒಣಗುತ್ತದೆ, ಮಣ್ಣೂ ಮೆತ್ತುವುದಿಲ್ಲ. ಮೇಲೆ ಸೊಳ್ಳೆ ಪರದೆ ಮುಚ್ಚಿದರೆ ನೊಣ ಮೊಟ್ಟೆ ಇಡುವುದಿಲ್ಲ. ಸಂಜೆ ಒಳಗೆ ತನ್ನಿ, ಇಬ್ಬನಿ ಬಿದ್ದರೆ ಬೂಸು ಹಿಡಿಯುತ್ತದೆ. ಮೂರು ಬಿಸಿಲಿಗೆ, ಬಾಗಿಸಿದರೆ ಟಕ್ಕನೆ ಮುರಿಯುವಷ್ಟು ಒಣಗಿದಾಗ ನಾಲ್ಕು ಕೆ.ಜಿ. ಮೀನು ಒಂದು ಕೆ.ಜಿ.ಯ ಸುತ್ತಮುತ್ತ ಉಳಿದಿರುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಕಾಟ್ಲಾದಂಥ ಕೊಬ್ಬಿನ ಮೀನನ್ನು ಹೀಗೆ ಒಣಗಿಸಬೇಡಿ, ತಿಂಗಳೊಳಗೆ ಎಣ್ಣೆ ಕಮಟು ಹತ್ತುತ್ತದೆ.